ಬಾಸಿಂಗದ ಗಂಟು

ಕುಣಿತ ಕಲಿಸುವ ಕೆಲಸದಲ್ಲಿ ಅರ್ಧ ಆಯುಷ್ಯ ಪಿನ್ನು ಹುಡುಕುವುದರಲ್ಲೇ ಹೋಗುತ್ತದೆ. ಉಳಿದರ್ಧ, ಹಾಕಿದ ಪಿನ್ನು ಯಾರಿಗೆ ಚುಚ್ಚೀತೋ ಎಂಬ ಭಯದಲ್ಲಿ. ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ನನ್ನ ಹತ್ತಿರ ಬಂದು ಲಯ, ಭಾವ, ಮುದ್ರೆ ಎಂದು ದೊಡ್ಡ ದೊಡ್ಡ ಮಾತು ಕೇಳುತ್ತಾರೆ. ಅದನ್ನೆಲ್ಲ ನಿಮ್ಮ ಗುರುಗಳು ಹೇಳಿಕೊಟ್ಟಿರುತ್ತಾರೆ. ಅವರು ಹೇಳದೆ ಬಿಟ್ಟದ್ದನ್ನಷ್ಟೇ ನಾನು ಇಲ್ಲಿ ಬರೆಯುತ್ತೇನೆ.

ನಾನು ಶಹಾಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ, ನೃತ್ಯದ ಶಿಕ್ಷಕಿಯಾಗಿ ಸೇರಿ ಅಲ್ಲಿಯೇ ನಿವೃತ್ತಳಾದವಳು. ಶಾಲೆಯ ಪಾಠದ ಜೊತೆಗೆ ಯಾದಗಿರಿ, ಸುರಪುರದ ಕಡೆಯ ಗ್ಯಾದರಿಂಗು, ಜಯಂತಿ, ಉತ್ಸವ ಎಂದರೆ ನೃತ್ಯರೂಪಕ ಕಟ್ಟಿಕೊಡುವ ಕೆಲಸವೂ ನನ್ನ ಕೊರಳಿಗೇ ಬೀಳುತ್ತಿತ್ತು. ನಮ್ಮ ಮೊದಲ ಹೆಡ್‌ಮಾಸ್ತರರಿಗೆ ನೃತ್ಯ ಎಂದರೆ ತಲೆಲೆಕ್ಕ.

"ಈ ಸಲ ಎಷ್ಟು ಹುಡುಗ್ಯಾರು ಕುಣೀತಾರ್ರಿ?" ಎಂದು ಕೇಳಿದರು. ಎಂಟು ಎಂದೆ.

"ಸಾಲೂದಿಲ್ರಿ. ಒಂದು ಹುಡುಗಿ ಕುಣಿದ್ರ ಅಪ್ಪ, ಅವ್ವ, ಕಾಕಾ, ಮಾವ ಎಲ್ಲಾರೂ ನೋಡಾಕ ಬರ್ತಾರ. ಮಂದಿ ಕೂಡಬೇಕಂದ್ರ ಹುಡುಗ್ಯಾರನ್ನ ಹೆಚ್ಚಿಗಿ ಕುಣಸ್ರಿ!"

ಆ ವರ್ಷ ಸಣ್ಣ ಸ್ಟೇಜಿನ ಮೇಲೆ ಒಂದಿಡೀ ತರಗತಿಯನ್ನು ನಿಲ್ಲಿಸಿದೆ. ಕುಣಿಯಲು ಜಾಗವೇ ಇರಲಿಲ್ಲ, ನಿಂತಲ್ಲೇ ಕೈ ಆಡಿಸಿದರು. ಹೆಡ್‌ಮಾಸ್ತರರು ಮಾತ್ರ ತುಂಬಿದ ಮೈದಾನ ನೋಡಿ ಖುಷಿಯಾದರು. ಕಲೆಯ ಬಗ್ಗೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ, ಆದರೆ ಮಂದಿಯ ಬಗ್ಗೆ ತಿಳಿಯುತ್ತಿತ್ತು. ಅದು ಮುಂದೆ ನನಗೂ ಉಪಯೋಗಕ್ಕೆ ಬಂತು.

ಆಗ ಕ್ಯಾಸೆಟ್ಟಿನ ಕಾಲ. ಒಮ್ಮೆ ನವಿಲಿನ ಕುಣಿತದ ನಡುವೆ ಟೇಪು ಸಿಕ್ಕಿಕೊಂಡು, ಹಾಡಿನ ಒಂದೇ ತುಣುಕು ಮತ್ತೆ ಮತ್ತೆ ಬರತೊಡಗಿತು. ನವಿಲಾಗಿದ್ದ ಹುಡುಗಿ ಭಾಳ ವಿಧೇಯಳು. ಹಾಡು ಮುಗಿಯದೆ ಕುಣಿತ ನಿಲ್ಲಿಸಬಾರದು ಎಂದು ನಾನೇ ಹೇಳಿದ್ದೆನಲ್ಲ, ಸುತ್ತಿದಳು, ಸುತ್ತಿದಳು, ಕೊನೆಗೆ ತಲೆ ತಿರುಗಿ ಮುಖ್ಯ ಅತಿಥಿಗಳ ಟೇಬಲ್ಲಿನ ಮೇಲೆ ಕುಸಿದಳು. ಅಂದಿನಿಂದ ಯಂತ್ರವನ್ನು ನಂಬುವುದು ಬಿಟ್ಟೆ. ಹುಸೇನಸಾಬ್ ಮಾಸ್ತರರು ನನ್ನ ಜೊತೆಗೆ ಬಂದದ್ದು ಹಾಗೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಊರೂರಿನ ನಾಟಕಗಳಿಗೆ ಪೇಟಿ ಬಾರಿಸಿ ಪಳಗಿದವರು ಅವರು. ಕುಣಿಯುವವಳು ಎಡವಿದರೆ ಪೇಟಿಯನ್ನೂ ಎಡವಿಸಿ, ಮತ್ತೆ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುವ ಕೈ ಅದು. ಈಗ ಎಲ್ಲರೂ ಮೊಬೈಲಿನಲ್ಲಿ ಹಾಡು ತರುತ್ತಾರೆ, ತಾಲೀಮನ್ನೂ ಮೊಬೈಲಿನಲ್ಲೇ ನೋಡಿ ಕಲಿಯುತ್ತಾರೆ. ಒಳ್ಳೆಯದೇ. ಆದರೆ ಎಡವಿದಾಗ ಮೊಬೈಲು ನಿಮಗಾಗಿ ಕಾಯುವುದಿಲ್ಲ.

ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ವೈರಿ ಎಂದರೆ ಆಯೇರಿ. ಹೊಸಬರಿಗೆ ಹೇಳಬೇಕು. ನಮ್ಮ ಕಡೆ ನಾಟಕವಿರಲಿ, ಕುಣಿತವಿರಲಿ, ಪಾತ್ರ ಮಾಡುವವರ ಬೀಗರು-ನೆಂಟರು ಶಾಲೋ ಧೋತರವೋ ಹಿಡಿದು, ಆಟದ ನಡುವೆಯೇ ಸ್ಟೇಜು ಹತ್ತಿ ಅವರಿಗೆ ಹೊದಿಸುತ್ತಾರೆ. ಪೇಟಿಯವರು ಆಟದ ಹಾಡು ನಿಲ್ಲಿಸಿ ಆಯೇರಿಯ ಧಾಟಿ ಬಾರಿಸಬೇಕು, ಮಂದಿ ಚಪ್ಪಾಳೆ ಹೊಡೆಯಬೇಕು. ಪ್ರೀತಿಯ ಪದ್ಧತಿ, ಇಲ್ಲವೆನ್ನುವುದಿಲ್ಲ. ಆದರೆ ಸುರಪುರದಲ್ಲಿ ಒಮ್ಮೆ ನನ್ನ ರೂಪಕದ ರಾಣಿ ಸತ್ತು ಬಿದ್ದಿದ್ದಳು, ಸಭೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅವಳ ಸೋದರಮಾವ ಶಾಲು ಹಿಡಿದು ಹತ್ತಿಬಿಟ್ಟ. ಸತ್ತ ರಾಣಿ ಎದ್ದಳು, ಶಾಲು ಹೊದಿಸಿಕೊಂಡಳು, ಮಾವನ ಕಾಲಿಗೆ ನಮಸ್ಕಾರ ಮಾಡಿದಳು, ಮತ್ತೆ ಮಲಗಿ ಸತ್ತಳು. ಅಂದೇ ನಿಯಮ ಮಾಡಿದೆ. ನನ್ನ ಸ್ಟೇಜಿನಲ್ಲಿ ಪರದೆ ಬೀಳುವವರೆಗೆ ಆಯೇರಿ ಇಲ್ಲ. ಎಷ್ಟೋ ಮಾವಂದಿರನ್ನು ನಾನೇ ತೋಳು ಹಿಡಿದು ಮೆಟ್ಟಿಲು ಇಳಿಸಿದ್ದೇನೆ. ನನಗೆ ಬಜಾರಿ ಎಂಬ ಹೆಸರು ಬಂದದ್ದು ಅದಕ್ಕೇ.

ಇಷ್ಟು ಹೇಳಿದ ಮೇಲೆ, ನನ್ನ ಕೊನೆಯ ಕೆಲಸದ ಕಥೆ ಹೇಳಬಹುದು.

ನಿವೃತ್ತಿ ಹತ್ತಿರ ಬಂದಾಗ ಯಾದಗಿರಿಯ ಉತ್ಸವದ ಉಸ್ತುವಾರಿ ಹೊತ್ತಿದ್ದ ಸಾಹೇಬರು ನನ್ನನ್ನು ಕರೆಸಿ, "ಟೀಚರ್, ನಮ್ಮ ಭಾಗದ್ದ ಏನರ ಹಳೇದು, ಮಂದಿ ಮರತದ್ದು ಒಂದು ಎತ್ತಿ ನಿಲ್ಲಸ್ರಿ" ಎಂದರು. ನನ್ನ ಬಾಯಿಂದ ಯೋಚನೆಯಿಲ್ಲದೆ ಬಂದ ಹೆಸರು ‘ಬಾಸಿಂಗ’.

ಶಹಾಪುರದ ಹಳೆಯ ಮಂದಿ ಯಾವುದಾದರೂ ಕೆಲಸ ಅರ್ಧಕ್ಕೆ ನಿಂತರೆ, "ಬಾಸಿಂಗದ ಆಟ ಆತು ಬಿಡು" ಎನ್ನುತ್ತಿದ್ದರು. ನಾನು ಸಣ್ಣವಳಿದ್ದಾಗಿನಿಂದ ಕೇಳಿದ ಮಾತು. ಗುರುನಾಥ ಮಾಸ್ತರರೆಂಬ ಡ್ರಾಯಿಂಗ್ ಮಾಸ್ತರರೊಬ್ಬರು ನಾನು ಹುಟ್ಟುವ ಆಸುಪಾಸಿನಲ್ಲಿ ಕಟ್ಟಿದ ನೃತ್ಯರೂಪಕ ಅದು. ಮನಸ್ಸಿಲ್ಲದ ಮದುವೆಗೆ ಕೂತ ಮದುಮಗಳು, ಹಣೆಗೆ ಕಟ್ಟಿದ ಬಾಸಿಂಗವನ್ನು ತಾನೇ ಬಿಚ್ಚಿ ಎದ್ದುಬರುವ ಕಥೆ. ಆ ಕಾಲದಲ್ಲಿ ಮರ್ಯಾದಸ್ಥರ ಮನೆಯ ಹುಡುಗಿಯರು ಗೆಜ್ಜೆ ಕಟ್ಟುವುದೇ ದೊಡ್ಡ ಗದ್ದಲ. ಅದರ ಮೇಲೆ, ಲಗ್ನವಾಗದ ಹುಡುಗಿ ಮಂದಿಯ ಮುಂದೆ ಬಾಸಿಂಗ ಕಟ್ಟಿಕೊಂಡು, ಮಂದಿಯ ಮುಂದೆಯೇ ಬಿಚ್ಚುವುದು! ಒಂದೇ ಒಂದು ಪ್ರದರ್ಶನ, ಅದೂ ಕೊನೆಯ ದೃಶ್ಯದಲ್ಲಿ ನಿಂತುಹೋಯಿತು. ಮಾಸ್ತರರು ಊರು ಬಿಟ್ಟವರು ತಿರುಗಿ ಬರಲಿಲ್ಲ. ಕೊನೆಯ ದೃಶ್ಯವನ್ನು ಯಾರೂ ನೋಡಲೇ ಇಲ್ಲ.

ಹಾಡುಗಳು ಹುಸೇನಸಾಬ್ ಮಾಸ್ತರರಿಗೆ ಗೊತ್ತಿದ್ದವು, ಅವರ ತಂದೆ ಅಂದು ಪೇಟಿಗೆ ಕೂತಿದ್ದರಂತೆ. ಆದರೆ ಕೊನೆಯ ಕುಣಿತ ಗೊತ್ತಿದ್ದವಳು ಮದುಮಗಳ ಪಾತ್ರ ಮಾಡಿದ್ದ ಹುಡುಗಿ ಒಬ್ಬಳೇ. ನೀಲಮ್ಮ. ಈಗ ಶಹಾಪುರದ ಹತ್ತಿರದ ಸಗರದಲ್ಲಿ ಮೊಮ್ಮಕ್ಕಳ ಅಜ್ಜಿ.

ನೀಲಮ್ಮನವರ ಮಗ ಬಸವರಾಜನಿಗೆ ಶಹಾಪುರದಲ್ಲಿ ಹತ್ತಿ ವ್ಯಾಪಾರ. ಮೊದಲು ಅವನನ್ನೇ ಅಂಗಡಿಯಲ್ಲಿ ಕಂಡೆ. ಚಹಾ ತರಿಸಿದ. ವಿಷಯ ಹೇಳಿದ ಕೂಡಲೇ ಮುಖ ಗಂಟಾಯಿತು.

"ಟೀಚರ್, ನಾ ಸಾಲಿಗೆ ಹೋಗೂ ಮುಂದ ಹುಡುಗರು ನನ್ನ ಬಾಸಿಂಗ ಬಿಚ್ಚಿದಾಕಿ ಮಗ ಅಂತಿದ್ರು. ಬಿಚ್ಚೇ ಇಲ್ಲ ಆಕಿ, ಹೆಸರು ಮಾತ್ರ ಬಂತು. ಈಗ ಎಲ್ಲಾರೂ ಮರತಾರ. ನಮ್ಮವ್ವನ ಹೆಸರ ಮತ್ತ ಮಂದಿ ಬಾಯಾಗ ಹಾಕಬ್ಯಾಡ್ರಿ."

ಅವನ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ಚಹಾ ಕುಡಿದು ಎದ್ದೆ. ಆದರೆ ಆ ವಾರವೇ ಸಗರದಿಂದ ನೀಲಮ್ಮನವರೇ ಯಾರ ಕೈಯಲ್ಲೋ ಫೋನು ಮಾಡಿಸಿದರು. "ಅಂವನ್ನ ಕೇಳಿದ್ಯಂತ. ಕುಣಿದಾಕಿ ನಾ. ನನ್ನ ಕೇಳಲೇ ಇಲ್ಲಲ್ಲ?"

ಹೋದೆ. ಗಂಡ ತೀರಿಹೋಗಿದ್ದರೂ ಬಿಳಿ ಸೀರೆಯಲ್ಲ, ಮಾಸಿದ ಹಸಿರು ಇಲಕಲ್ ಸೀರೆ. ಎತ್ತರದ ಹೆಂಗಸು. ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಕೂತಿದ್ದರು. ಒಡೆಯುತ್ತಲೇ ಅಂದಿನದನ್ನು ಹೇಳಿದರು.

"ಮಾಸ್ತರು ಎಲ್ಲಾ ಹುಡುಗ್ಯಾರ ಅಪ್ಪಂದಿರನ್ನ ಮುಂದಿನ ಸಾಲಿನಾಗ ಕುಂದ್ರಿಸಿದ್ರು. ಬಾಸಿಂಗ ಬಿಚ್ಚಿ, ಸ್ಟೇಜ್ ಇಳದು, ನನ್ನಪ್ಪನ ಕೈಯಾಗ ಕೊಡಬೇಕಿತ್ತು ನಾ. ಅದ ಕಡೀ ಆಟ. ಯಾರೋ ಹೋಗಿ ಅಪ್ಪನ ಕಿವ್ಯಾಗ ಮೊದಲ ಊದ್ಯಾರ. ನಾ ಗಂಟಿಗೆ ಕೈ ಹಚ್ಚಿದ್ದೆ ನೋಡು, ಅಪ್ಪ ಶಾಲ ಹಿಡಕೊಂಡು ಹತ್ತಿದ. ಮಂದಿ ಆಯೇರಿ ಮಾಡಾಕ ಬಂದಾನ ಅಂತ ತಿಳಕೊಂಡ್ರು. ಪೇಟಿಯವರು ಆಯೇರಿ ಧಾಟಿ ಬಾರಿಸಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ಅಪ್ಪ ಆ ಶಾಲ ನನ್ನ ತಲಿ ಮ್ಯಾಲ ಮುಸುಕು ಹಾಕಿ, ರಟ್ಟಿ ಹಿಡದು ಇಳಿಸಿಕೊಂಡು ಮನಿಗೆ ಕರಕೊಂಡು ಹೋದ. ನಾವು ಹೋಗೂತನಕ ಮಂದಿ ಚಪ್ಪಾಳಿ ಹೊಡಿಯಾಕತ್ತಿದ್ರು."

ನನಗೆ ಸುರಪುರದ ಸತ್ತ ರಾಣಿಯ ನೆನಪಾಯಿತು. ಅಷ್ಟು ವರ್ಷ ನಕ್ಕು ಹೇಳಿದ ಕಥೆ ಅಂದು ನಗು ತರಲಿಲ್ಲ.

"ಬ್ಯಾಸಗಿ ಮುಗಿಯೂದ್ರಾಗ ಲಗ್ನ ಮಾಡಿದ್ರು. ಮನಿಯವರು ಛಲೋ ಇದ್ರು, ಸುಳ್ಳ್ಯಾಕ ಹೇಳ್ಲಿ. ಕುಣಿಯೂದು ಬಿಟ್ಟದ್ದಕ್ಕೂ ಸಂಕಟಿಲ್ಲ ತಂಗಿ. ಆದ್ರ ಬೆರಳು ಗಂಟಿನ ಮ್ಯಾಲ ಇದ್ವಲ್ಲ, ಇನ್ನೂ ಅಲ್ಲೇ ಅದಾವ." ಶೇಂಗಾದ ಸಿಪ್ಪೆಯ ನಡುವೆ ತಮ್ಮ ಬೆರಳು ನೋಡಿಕೊಂಡರು. ಆಗಲೇ ತೀರ್ಮಾನಿಸಿದೆ, ಈ ಬಾಸಿಂಗವನ್ನು ಬಿಚ್ಚಿಸಿಯೇ ನಾನು ನಿವೃತ್ತಳಾಗುವುದು.

ಬಸವರಾಜ ತಾಯಿಯ ಹಟಕ್ಕೆ ಸೋತ. ಎರಡು ಷರತ್ತು ಹಾಕಿದ. ಅವ್ವನ ಹೆಸರು ಮೈಕಿನಲ್ಲಿ ಹೇಳಬಾರದು, ಅವ್ವ ಸ್ಟೇಜು ಹತ್ತಬಾರದು. ನೀಲಮ್ಮನವರದೂ ಒಂದು ಷರತ್ತಿತ್ತು. "ಮದುಮಗಳಾಗೂ ಹುಡುಗಿಗೆ ನಾ ಆಯೇರಿ ಮಾಡಾಕಿ." ನಾನು ನನ್ನ ನಿಯಮ ಹೇಳಿದೆ. ಪರದೆ ಬಿದ್ದ ಮೇಲೆ ಎಂದೆ. "ಹೂಂ" ಎಂದರು. ಆ ‘ಹೂಂ’ನ ಅರ್ಥ ಆಮೇಲೆ ತಿಳಿಯಿತು.

ಈಗ ಮದುಮಗಳು ಬೇಕು. ನನ್ನ ಶಾಲೆಯ ಯಾವ ತಾಯಿಯೂ ಒಪ್ಪಲಿಲ್ಲ. ಕುಣಿಯಲಿ, ಗೆಳತಿಯಾಗಲಿ, ವರನೇ ಆಗಲಿ, ಬಾಸಿಂಗ ಮಾತ್ರ ಬೇಡ. ಕಟ್ಟಿ ಬಿಚ್ಚಿದ ಹುಡುಗಿಗೆ ಗಂಡು ಸಿಗುವುದಿಲ್ಲವಂತೆ. ಕಾಲ ಬದಲಾಗಿದೆ ಎಂದು ಭಾಷಣ ಮಾಡುವವರಿಗೆ ನಾನು ಹೇಳುವುದು ಇಷ್ಟೇ, ಒಂದು ಬಾಸಿಂಗ ಹಿಡಿದು ಮನೆ ಮನೆ ತಿರುಗಿ ನೋಡಿ. ಕೊನೆಗೆ ಸಿಕ್ಕವಳು ಹತ್ತಿಕುಣಿ ಎಂಬ ಹಳ್ಳಿಯ ಸುಜಾತಾ. ಯಾದಗಿರಿಯ ಕಾಲೇಜಿನಲ್ಲಿ ಓದುತ್ತಿದ್ದಳು, ಹೊಲದ ಕೂಲಿಗೆ ಹೋಗುವ ಮನೆಯವಳು. ಅವಳ ತಾಯಿ ನಕ್ಕುಬಿಟ್ಟಳು. "ನಮ್ಮಲ್ಲಿ ಲಗ್ನಾನೂ ಬುದ್ಧನ ಫೋಟೋದ ಮುಂದ ಹಾರ ಹಾಕಿ ಮಾಡ್ತೀವ್ರಿ ಟೀಚರ್. ಬಾಸಿಂಗ ನಮಗ ಬೆಂಡಿನ ಸಾಮಾನು. ಕಟ್ರಿ, ಬಿಚ್ರಿ, ಏನರ ಮಾಡ್ರಿ."

ಸಗರದಲ್ಲಿ ಮೊದಲ ದಿನ ಸುಜಾತಾ ಕಟ್ಟೆಯ ಹತ್ತಿರವೇ ನಿಂತಳು. ಒಳಗೆ ಹೋಗಬೇಕೋ ಬೇಡವೋ ಎಂಬುದು ನಮ್ಮ ಊರುಗಳಲ್ಲಿ ಯಾರೂ ಹೇಳಿಕೊಡದೆ ಬರುವ ಅನುಮಾನ. ನೀಲಮ್ಮನವರು ಒಳಗಿನಿಂದ ಗದರಿದರು. "ಅಲ್ಲೇ ನಿಂತು ಕುಣೀತಿ ಏನ? ಪಡಸಾಲ್ಯಾಗ ಬಾ."

ತಾಲೀಮು ಶುರುವಾಯಿತು. ನಾನು ಸುರಪುರದ ಬಾಸಿಂಗ ಮಾಡುವವರ ಮನೆಯಿಂದ ಬಾಸಿಂಗ ತಂದಿದ್ದೆ. ಒಂದೇ ಸಾಕು ಎಂದರೂ ಅವರು ಕೊಡಲಿಲ್ಲ, ಜೋಡಿ ಮುರಿಯಬಾರದೆಂದು ವರನದನ್ನೂ ಕಟ್ಟಿಕೊಟ್ಟರು. ಬೆಂಡು, ಬಣ್ಣದ ಕಾಗದ, ಜರಿ. ನೀಲಮ್ಮನವರು ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಗಂಡ ಹೋದಾಕಿ ನಾ. ಅದನ್ನ ಮುಟ್ಟೂ ಹಂಗಿಲ್ಲ."

"ಅವ್ವಾ, ಇದು ಆಟದ್ದು. ಇದಕ್ಕೇನು ಶಾಸ್ತ್ರ?" ಎಂದೆ.

"ನೀ ಶಾಣ್ಯಾಕಿ ಇರಬೌದು. ಕೈ ನನ್ನವು." ಮಾತು ಮುಗಿಯಿತು.

ಹೀಗಾಗಿ ಅವರು ತಮ್ಮ ಹಣೆಗೆ ಒಂದು ಟಾವೆಲ್ಲನ್ನು ಮಡಚಿ ಕಟ್ಟಿಕೊಂಡು ಕಲಿಸಿದರು. ಮಂಡಿ ನೋವಿನ ಹೆಂಗಸು, ಹೆಚ್ಚು ಕುಣಿಯಲಾಗುತ್ತಿರಲಿಲ್ಲ. ಒಂದು ಕಂಬ ಹಿಡಿದು ನಿಂತು, ಒಂದು ಕೈಯಿಂದಲೇ ಎಲ್ಲ ತೋರಿಸುವರು. ಗಂಟಿಗೆ ಕೈ ಒಯ್ಯುವಾಗ ಮದುಮಗಳು ಅಳಬಾರದು, ಸಿಟ್ಟಾಗಬಾರದು, ಕೊಡ ಇಳಿಸಿದಷ್ಟೇ ನಿರಾಳವಾಗಿ ಬಿಚ್ಚಬೇಕು ಎಂದು ಗುರುನಾಥ ಮಾಸ್ತರರು ಹೇಳಿದ್ದರಂತೆ. ಸುಜಾತಾ ತನ್ನ ಹಣೆಗೂ ಕಟ್ಟಿದ್ದ ಟಾವೆಲ್ಲಿನ ಗಂಟು ಬಿಚ್ಚುವಳು. ನೀಲಮ್ಮನವರು ಮಾತ್ರ ತಮ್ಮ ಹಣೆಯ ಟಾವೆಲ್ಲನ್ನು ಬಿಚ್ಚದೆ, ಗಂಟಿನ ತನಕ ಕೈ ಒಯ್ದು ನಿಲ್ಲಿಸಿಬಿಡುವರು. ಆಮೇಲೆ ಅದನ್ನು ಸೊಸೆ ಬಂದು ಬಿಚ್ಚುತ್ತಿದ್ದಳು.

ಸಾಹೇಬರು ತಾಲೀಮು ನೋಡಲು ಒಮ್ಮೆ ಬಂದರು. ನೋಡಿದ ಮೇಲೆ ನನ್ನನ್ನು ಬದಿಗೆ ಕರೆದರು. "ಎಲ್ಲಾ ಛಲೋ ಐತಿ ಟೀಚರ್. ಆದ್ರ ಬಿಚ್ಚೂದೊಂದು ಬ್ಯಾಡ್ರಿ, ಮಂದಿ ಸುಮ್ನ ತಕರಾರ್ ತಗೀತಾರ. ಗಂಟಿಗೆ ಕೈ ಹಚ್ಚಿದ ಕೂಡ್ಲೆ ಲೈಟ್ ಆಫ್ ಮಾಡಿಬಿಡ್ರಿ. ಈಗ ಮಾಡರ್ನ್ ಸ್ಟೇಜಿನ್ಯಾಗ ಹಂಗ ಮಾಡ್ತಾರಂತ."

"ಆತ್ರಿ ಸಾಹೇಬ್ರ" ಎಂದೆ. ಹೊಸಬರು ಇದನ್ನು ಕಲಿಯಬೇಕು. ಸಾಹೇಬರಿಗೆ ಆತ್ರಿ ಎನ್ನಬೇಕು, ಲೈಟಿನ ಬಟನ್ನಿನ ಹತ್ತಿರ ನಮ್ಮವರನ್ನೇ ನಿಲ್ಲಿಸಬೇಕು.

ಪ್ರದರ್ಶನ ಯಾದಗಿರಿಯಲ್ಲಿ, ಸಂಜೆ. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸುಜಾತಾಳ ಅಪ್ಪ, ಅವನ ಪಕ್ಕದಲ್ಲಿ ನೀಲಮ್ಮನವರು, ಅವರ ಪಕ್ಕದಲ್ಲಿ ಬಸವರಾಜ. ಕೊನೆಗೆ ಮಗಳು ಬಂದು ಬಾಸಿಂಗ ಕೈಯಲ್ಲಿಡುತ್ತಾಳೆ, ಸುಮ್ಮನೆ ಹಿಡಿದುಕೋ ಎಂದು ಸುಜಾತಾಳ ಅಪ್ಪನಿಗೆ ಮೊದಲೇ ಹೇಳಿದ್ದೆ. ಈ ಸಲ ಯಾರ ಕಿವಿಯಲ್ಲೂ ಯಾರೂ ಊದುವುದು ಬೇಡ ಎಂದು.

ನಾನು ಬಾಸಿಂಗಕ್ಕೆ ನುಣುಪಾದ ಲಾಡಿ ಹಾಕಿಸಿ, ಒಂದು ತುದಿ ಜಗ್ಗಿದರೆ ಬಿಚ್ಚುವಂಥ ಗಂಟು ಸುಜಾತಾಳಿಗೆ ಕಲಿಸಿದ್ದೆ. ಆದರೆ ಆಟ ಶುರುವಾಗುವ ಹೊತ್ತಿಗೆ ನಾನು ಪರದೆಯ ಬದಿಯ ಲೈಟಿನ ಬಟನ್ನಿಗಾಗಿ ಸಾಹೇಬರ ಮನುಷ್ಯನ ಜೊತೆ ಜಗಳದಲ್ಲಿದ್ದೆ, ಕೊನೆಗೆ ನಾನೇ ಅಲ್ಲಿ ನಿಂತೆ. ಸುಜಾತಾಳ ತಾಯಿಗೆ ಬಾಸಿಂಗ ಕಟ್ಟಿ ಗೊತ್ತಿಲ್ಲ. ವರನ ಪಾತ್ರದ ಹುಡುಗಿಯ ತಾಯಿ ಅಲ್ಲೇ ಇದ್ದಳು, ಪುಣ್ಯಾತ್ಗಿತ್ತಿ, ಸಹಾಯಕ್ಕೆ ಬಂದಳು. ನನ್ನ ಸಡಿಲ ಗಂಟು ಕಂಡು ಅವಳಿಗೆ ಗಾಬರಿಯಾಯಿತಂತೆ. ಆಮೇಲೆ ನನ್ನನ್ನೇ ಬೈದಳು. "ಬಾಸಿಂಗ ಯಾರರ ಸಡ್ಲ ಕಟ್ತಾರೇನ್ರಿ ಟೀಚರ್? ಬಿದ್ರ ಅಪಶಕುನ ಅಲ್ಲೇನು?" ಬಿಚ್ಚಲೆಂದೇ ಕಟ್ಟುವ ಬಾಸಿಂಗ ಎಂಬುದು ಅವಳ ತಲೆಗೆ ಬರುವ ಸಂಗತಿಯೇ ಅಲ್ಲ. ಲಾಡಿ ಕಿತ್ತು ದಾರ ಹಾಕಿ, ನೀರು ಹಚ್ಚಿ, ತನ್ನ ಮಗಳ ಲಗ್ನದಲ್ಲಿ ಕಟ್ಟುವಂತೆ ಗಂಟಿನ ಮೇಲೆ ಗಂಟು ಬಿಗಿದಿದ್ದಳು.

ಕೊನೆಯ ದೃಶ್ಯ ಬಂತು. ಸುಜಾತಾ ಗಂಟಿಗೆ ಕೈ ಒಯ್ದಳು. ಜಗ್ಗಿದಳು. ಬರಲಿಲ್ಲ. ಹುಸೇನಸಾಬ್ ಮಾಸ್ತರರು ಸಾಲನ್ನು ಮತ್ತೊಮ್ಮೆ ಬಾರಿಸಿದರು. ಅವಳು ಒಂದು ಸುತ್ತು ಹಾಕಿ ಬಂದು ಮತ್ತೆ ಪ್ರಯತ್ನಿಸಿದಳು. ಬೆರಳು ಬೆವತಿದ್ದವು. ಪೇಟಿ ಮತ್ತೆ ಅದೇ ಸಾಲು. ಸಭೆಯಲ್ಲಿ ಯಾರೋ ಕೆಮ್ಮಿದರು. ಸಾಹೇಬರು ಹೇಳಿದಂತೆ ಲೈಟು ಆರಿಸಬಹುದಿತ್ತು, ಮರ್ಯಾದೆ ಉಳಿಯುತ್ತಿತ್ತು. ನನ್ನ ಕೈ ಏಳಲಿಲ್ಲ. ‘ಬಾಸಿಂಗದ ಆಟ ಆತು’ ಎಂಬ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ಅಷ್ಟರಲ್ಲಿ ನೀಲಮ್ಮನವರು ಎದ್ದರು. ಮಡಿಲಲ್ಲಿದ್ದ ಆಯೇರಿಯ ಶಾಲು ಕೈಯಲ್ಲಿತ್ತು. ಬಸವರಾಜ ಸೆರಗು ಹಿಡಿದು, "ಅವ್ವಾ, ಕೂಡು" ಎಂದ. ಅವರು ಸೆರಗು ಬಿಡಿಸಿಕೊಂಡು, ಮಂಡಿ ಹಿಡಿಯುತ್ತ ಬದಿಯ ಮೆಟ್ಟಿಲು ಹತ್ತಿದರು.

ಹಿರಿಯರು ಶಾಲು ಹಿಡಿದು ಹತ್ತಿದ್ದನ್ನು ಕಂಡ ಹುಸೇನಸಾಬ್ ಮಾಸ್ತರರ ಕೈ, ಜನ್ಮದ ರೂಢಿಯಂತೆ, ತಾನಾಗಿ ಆಯೇರಿಯ ಧಾಟಿಗೆ ತಿರುಗಿತು. ಮಂದಿ ಚಪ್ಪಾಳೆ ಹೊಡೆದರು. ಸುಜಾತಾ ತಿರುಗಿ ನೋಡಿದಳು. ಶಾಲು ಕಂಡ ಕೂಡಲೇ ಅವಳ ಮುಖದ ಬಣ್ಣ ಹೋಯಿತು. ಅವಳಿಗೆ ಅಂದಿನ ಕಥೆ ಪೂರ್ತಿ ಗೊತ್ತಿತ್ತು. ಗಂಟಿನ ಮೇಲಿದ್ದ ಕೈ ಕೆಳಗೆ ಬಿದ್ದವು. ಎಷ್ಟೋ ಮಾವಂದಿರನ್ನು ಮೆಟ್ಟಿಲು ಇಳಿಸಿದ ನಾನು, ಪರದೆಯ ಬದಿಯಲ್ಲಿ ಕಂಬದಂತೆ ನಿಂತಿದ್ದೆ.

ನೀಲಮ್ಮನವರು ಶಾಲು ಬಿಚ್ಚಿದರು. ತಲೆಗಲ್ಲ, ಹುಡುಗಿಯ ಹೆಗಲಿಗೆ ಹೊದಿಸಿದರು. ಆಮೇಲೆ ಅವಳ ಹಿಂದೆ ಹೋಗಿ ನಿಂತು, ಬಾಸಿಂಗದ ಗಂಟಿಗೆ ಕೈ ಹಚ್ಚಿದರು.

ಪೇಟಿ ನಿಂತಿತು. ಚಪ್ಪಾಳೆಯೂ ನಿಂತಿತು. ಗಂಟು ಅವರಿಗೂ ಬಗ್ಗಲಿಲ್ಲ. ಆಗ ಬಾಗಿ, ಹೊಲದಲ್ಲಿ ಬುತ್ತಿಯ ಗಂಟು ಬಿಚ್ಚುವ ಹಾಗೆ, ಹಲ್ಲಿನಿಂದ ಕಚ್ಚಿ ಜಗ್ಗಿದರು. ಒಂದು ಗಂಟು ಸಡಿಲಾಯಿತು. ಉಳಿದದ್ದನ್ನು ಬೆರಳಿನಿಂದ ಒಂದೊಂದಾಗಿ, ಯಾವ ಗಡಿಬಿಡಿಯೂ ಇಲ್ಲದೆ, ಕೊಡ ಇಳಿಸಿದಷ್ಟೇ ನಿರಾಳವಾಗಿ ಬಿಚ್ಚಿದರು. ನಾನು ಅಳುತ್ತಿದ್ದೆ. ಹುಸೇನಸಾಬ್ ಮಾಸ್ತರರು ಕೊನೆಯ ಹಾಡಿನ ಸಾಲನ್ನು ಮೆಲ್ಲಗೆ ಎತ್ತಿಕೊಂಡರು.

ಬಾಸಿಂಗವನ್ನು ಅವರು ಸುಜಾತಾಳತ್ತ ಚಾಚಿದರು. ಮುಂದಿನದು ಅವಳ ಆಟ, ಇಳಿದು ಹೋಗಿ ಅಪ್ಪನ ಕೈಯಲ್ಲಿಡಬೇಕು. ಹುಡುಗಿ ತೆಗೆದುಕೊಳ್ಳಲಿಲ್ಲ. ಅಜ್ಜಿಯ ಬೆರಳುಗಳನ್ನು ಅದರ ಮೇಲೆ ಮಡಚಿ, ಮೆಟ್ಟಿಲಿನ ತನಕ ತಾಳಕ್ಕೆ ಹೆಜ್ಜೆ ಹಾಕುತ್ತ ಕರೆದುಕೊಂಡು ಬಂದು, ಅಲ್ಲಿ ಕೈ ಬಿಟ್ಟಳು. ಇದನ್ನು ನಾನೂ ಕಲಿಸಿರಲಿಲ್ಲ, ಗುರುನಾಥ ಮಾಸ್ತರರೂ ಕಲಿಸಿರಲಿಲ್ಲ. ಕೈ ಚಾಚಿ ಕೂತಿದ್ದ ಸುಜಾತಾಳ ಅಪ್ಪ ಮಗಳ ಮುಖ ನೋಡಿ ಅದನ್ನು ಹಿಂದಕ್ಕೆ ತೆಗೆದುಕೊಂಡ. ನೀಲಮ್ಮನವರು ನೆಟ್ಟಗೆ ಮಗನ ಮುಂದೆ ಹೋಗಿ ನಿಂತು, ಬಾಸಿಂಗವನ್ನು ಅವನ ಕೈಯಲ್ಲಿಟ್ಟರು. ಲೈಟು ಆರಿಸಿದೆ.

ಪರದೆಯ ಹಿಂದೆ ಸಾಹೇಬರು ಓಡಿ ಬಂದರು. ಬೈಯುತ್ತಾರೆ ಎಂದುಕೊಂಡೆ. "ಟೀಚರ್, ಬಿಚ್ಚಿಸಿಬಿಟ್ರಿ! ಇರ್ಲಿ, ಇರ್ಲಿ. ಆ ಮುದುಕಿ ಪಾತ್ರ ಮಾಡಿದಾಕಿ ಭಾಳ ಛಲೋ ಮಾಡ್ಯಾಳ. ಯಾವ ಊರಿನಾಕಿ? ಹೆಸರೇನು?"

ಬಸವರಾಜನ ಷರತ್ತು ನೆನಪಿತ್ತು. "ಹೆಸರ ಹೇಳೂ ಹಂಗಿಲ್ರಿ ಸಾಹೇಬ್ರ" ಎಂದೆ.

ಹೊರಗೆ ಅವರ ಗಾಡಿ ನಿಂತಿತ್ತು. ನೀಲಮ್ಮನವರು ಒಳಗೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. ಬಸವರಾಜ ಬಾಗಿಲ ಬಳಿ ಬಾಸಿಂಗ ಹಿಡಿದು ನಿಂತಿದ್ದ. ಅವನ ಕಣ್ಣು ಕೆಂಪಾಗಿದ್ದವು. ನಾನು ಷರತ್ತು ಮುರಿದದ್ದಕ್ಕೆ ಏನು ಹೇಳಬೇಕೆಂದು ಹುಡುಕುತ್ತಿದ್ದೆ. ಅವನು ನನ್ನತ್ತ ನೋಡಲೇ ಇಲ್ಲ.

"ಅವ್ವಾ, ಇದನ್ನ ಎಲ್ಲಿ ಇಡ್ಲಿ?" ಎಂದು ಕೇಳಿದ.

"ಎಲ್ಲೂ ಇಡಬ್ಯಾಡ. ನನ್ನಪ್ಪ ಹಿಡೀಲಿಲ್ಲ. ನೀನರ ಹಿಡಕೋ."

ಅವನು ತಾಯಿಯ ಪಕ್ಕದಲ್ಲಿ ಕೂತ. ಗಾಡಿ ಶಹಾಪುರದ ರಸ್ತೆಗೆ ತಿರುಗುವವರೆಗೆ ನೋಡುತ್ತ ನಿಂತೆ. ಬಾಸಿಂಗವನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.